ಇಪ್ಪತ್ತನಾಲ್ಕು ಕಂಬದ ಕಟ್ಟೆ

ಮೆಟ್ಟಿಲ ಬುಡದಲ್ಲಿ ಹನ್ನೊಂದು ಜೊತೆ ಚಪ್ಪಲಿಗಳಿದ್ದವು. ಕಾರು ನಿಲ್ಲಿಸಿದ ನವ್ಯಾ ಇಳಿಯದೆ ಅವುಗಳನ್ನೇ ನೋಡಿದಳು. ತನಗೆ ಒಂದು ಮಾತೂ ಹೇಳದೆ ಕಟ್ಟೆಗೆ ಹಣ ಹಾಕಿದ ಸಂಕಪ್ಪ ಮಾವ ಪುನಃ ಭಟ್ಟರನ್ನು ಕರೆಸಿ ಪೂಜೆ ಇಟ್ಟುಕೊಂಡರೋ ಏನೋ ಎಂದು ಮೊದಲು ಅನಿಸಿತು. ಇಳಿದು ಹೋಗಿ ನೋಡಿದರೆ ಪೂಜೆಯೂ ಇಲ್ಲ, ಭಟ್ಟರೂ ಇಲ್ಲ. ಅವಳೇ ನಕ್ಷೆ ಹಾಕಿ ಎಬ್ಬಿಸಿದ ಕಟ್ಟೆಯ ಮೇಲೆ ಹನ್ನೊಂದು ಮಂದಿ ಬರಿಗಾಲಲ್ಲಿ ನಿಂತಿದ್ದರು. ಮಾತಾಡುವವರು ಪಿಸುಗುಟ್ಟುತ್ತಿದ್ದರು. ಒಬ್ಬ ಮುದುಕರು ಮೂಲೆಯ ಕಂಬಕ್ಕೆ ಮೂರು ಸುತ್ತು ಬಂದರು, ಕಂಬ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡರು, ಕೆಳಗಿಳಿದು ಚಪ್ಪಲಿ ಮೆಟ್ಟಿ ಬಸ್ಸಿಗೆ ಹೋದರು.

ಅದು ಬಸದಿಯಲ್ಲ, ದೇವಸ್ಥಾನವೂ ಅಲ್ಲ. ಹಳ್ಳಿಯಿಂದ ಸೊಪ್ಪು ತರಕಾರಿ ತರುವ ಹೆಂಗಸರು ಕೂತು ಮಾರಲಿ, ಬಸ್ಸಿಗೆ ಕಾಯುವವರು ನೆರಳಲ್ಲಿ ಬೆನ್ನು ಒರಗಿಸಲಿ ಎಂದು ಮೂಡುಬಿದಿರೆಯ ಹಳೆ ಪೇಟೆಯ ನಡುವೆ ಕಟ್ಟಿಸಿದ ಒಂದು ಸಾರ್ವಜನಿಕ ಕಟ್ಟೆ. ಉದ್ಘಾಟನೆಯಾಗಿ ಇಪ್ಪತ್ತು ದಿನ ಕಳೆದಿತ್ತು. ಆ ಹೊತ್ತಿಗೆ ಅಲ್ಲಿ ಬಸಳೆಯ ಒಂದು ದಂಟೂ ಕಾಣಿಸಲಿಲ್ಲ. ಮಾರುವ ಹೆಂಗಸರು ನಾಲ್ಕು ಮಂದಿ ರಸ್ತೆಯ ಆಚೆ ಬದಿಯಲ್ಲಿ, ಚರಂಡಿಯ ಹಾಸುಗಲ್ಲಿನ ಮೇಲೆ, ಟರ್ಪಾಲು ಕಟ್ಟಿಕೊಂಡು ಬೆವರು ಒರೆಸಿಕೊಳ್ಳುತ್ತಾ ಕೂತಿದ್ದರು. ಅವರಲ್ಲಿ ಬಸಳೆ ಮಾರುವ ರಾಜೀವಕ್ಕ ಇರಲಿಲ್ಲ.

ಎದುರಿನ ಅಂಗಡಿ ಹನೀಫಾಕನದು. ನಿಜ ಹೆಸರು ಹನೀಫಾ, ಊರಿಡೀ ಕರೆಯುವುದು ಹನೀಫಾಕ ಎಂದೇ. ಮೂವತ್ತು ವರ್ಷದಿಂದ ಅಲ್ಲೇ ಚಪ್ಪಲಿ, ಕೊಡೆ ಮಾರುವ ಮನುಷ್ಯ. ನವ್ಯಾ ಶಾಲೆಗೆ ಹೋಗುವಾಗ ಅವಳ ಮುರಿದ ಕೊಡೆಕಡ್ಡಿಗಳನ್ನು ಕಟ್ಟಿಕೊಟ್ಟವರು ಅವರೇ.

"ಬಾ ನವ್ಯಾ, ಕೂತ್ಕೋ. ನಿನ್ನ ಕಟ್ಟೆಯಿಂದ ನನಗೆ ಈಗ ವ್ಯಾಪಾರ ಉಂಟು. ದಿನಕ್ಕೆ ಒಬ್ಬನ ಚಪ್ಪಲಿಯಾದರೂ ಅದಲುಬದಲು ಆಗ್ತದೆ, ಅವ ಸೀದಾ ಇಲ್ಲಿಗೆ ಬರ್ತಾನೆ."

"ಅಲ್ಲಿ ಚಪ್ಪಲಿ ಯಾಕೆ ತೆಗೀತಾರೆ ಹನೀಫಾಕ? ತೆಗೀಬೇಕು ಅಂತ ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ. ನಾನೂ ತೆಗೀತೇನೆ."

"ನೀವೂ?"

"ಆ ನೆಲದ ಮೇಲೆ ಚಪ್ಪಲಿ ಹಾಕಿ ನಡೀಲಿಕ್ಕೆ ಕಾಲೇ ಬರುದಿಲ್ಲ ಮಾರಾಯ್ತಿ. ಚಪ್ಪಲಿ ಮಾರಿ ಹೊಟ್ಟೆ ಹೊರೆಯುವವ ನಾನು, ನನ್ನ ಗತಿಯೇ ಹೀಗೆ. ಇನ್ನು ಬೇರೆಯವರದ್ದು ಎಂತ ಹೇಳುದು?"

ನವ್ಯಾಳಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ರಾಜೀವಕ್ಕ ಎಲ್ಲಿ ಎಂದು ಕೇಳಿದಳು. ಹನೀಫಾಕ ಕಪಾಟಿನ ಧೂಳು ಹೊಡೆಯಲು ಶುರುಮಾಡಿದರು. "ಈಗ ಬರುದಿಲ್ಲ ಅವಳು. ನೀನು ಮೊದಲು ಜನರಿಗೆ ಚಪ್ಪಲಿ ಹಾಕಿಸು, ಮತ್ತೆ ನೋಡುವ" ಎಂದಷ್ಟೇ ಹೇಳಿದರು.

ಮೊದಲು ಆ ಜಾಗದಲ್ಲಿ ಇದ್ದದ್ದು ಕೆಂಪು ಮುರಕಲ್ಲಿನ ಒಂದು ಉದ್ದ ಜಗಲಿ, ಮೇಲೆ ಹಂಚಿನ ಮಾಡು. ನೆಲದ ಸಿಮೆಂಟು ಅಲ್ಲಲ್ಲಿ ಎದ್ದುಹೋಗಿತ್ತು. ಮಾಡು ಯಾವ ಹೊತ್ತಿಗೆ ಯಾರ ತಲೆ ಮೇಲೆ ಬೀಳುತ್ತದೋ ಎಂಬ ಸ್ಥಿತಿ. ಸಂಕಪ್ಪ ಮಾವನ ಅಜ್ಜಿಯ ಕಾಲದಲ್ಲಿ ಕುಟುಂಬದವರೇ ಕಟ್ಟಿಸಿದ್ದು. ಕಟ್ಟಿಸಿದವರು ಯಾರು, ಕೂರುವವರು ಯಾರು ಎಂದು ಅದಾದ ಮೇಲೆ ಒಬ್ಬರೂ ಕೇಳಿರಲಿಲ್ಲ. ಬುಟ್ಟಿ ಇಳಿಸಿದವರದು ಜಾಗ.

ವೇಣೂರಿನಿಂದಾಚೆ ಗುಡ್ಡದ ಬದಿಯ ಊರು ರಾಜೀವಕ್ಕನದು. ಬೆಳಗಿನ ಮೊದಲ ಬಸ್ಸಿನಲ್ಲಿ ಬಸಳೆ, ಹರಿವೆ, ಅಲಸಂಡೆ, ಕಾಲಕ್ಕೆ ತಕ್ಕಂತೆ ಮುಳ್ಳುಸೌತೆ ತರುತ್ತಿದ್ದಳು. ಮೂವತ್ತೊಂದು ವರ್ಷ. ಒಂದನೇ ಕ್ಲಾಸಿನ ನವ್ಯಾ ಸಂಜೆ ಶಾಲೆ ಬಿಟ್ಟು ಮನೆಕಡೆಯ ಬಸ್ಸಿಗೆ ಕಾಯುತ್ತಿದ್ದದ್ದು ಅವಳ ಗೋಣಿಯ ಮೇಲೆ ಕೂತು. ಬಸ್ಸು ತಡವಾದರೆ ಸೌತೆಯ ಒಂದು ತುಂಡು ಸಿಗುತ್ತಿತ್ತು. ಇನ್ನೂ ತಡವಾದರೆ ಗೋಣಿಯ ಮೇಲೆಯೇ ನಿದ್ದೆ. ಬಸ್ಸು ಬಂದಾಗ ಎಬ್ಬಿಸಿ, ಬೆನ್ನಿಗೆ ಅಂಟಿದ ಸೊಪ್ಪು ಕೊಡವಿ, ಕಂಡಕ್ಟರನ ಕೈಗೆ ಒಪ್ಪಿಸುವ ತನಕ ಅವಳು ರಾಜೀವಕ್ಕನ ಮಗುವೇ ಆಗಿದ್ದಳು.

ಹೀಗಿರುವಾಗ, ಪುಣೆಯಲ್ಲಿ ಎರಡು ಹೋಟೆಲು ನಡೆಸಿ ಕೈ ತುಂಬಿಸಿಕೊಂಡು ಬಂದ ಸಂಕಪ್ಪ ಮಾವನಿಗೆ ತನ್ನ ಅಮ್ಮನ ಹೆಸರಿನಲ್ಲಿ ಅಲ್ಲೊಂದು ಕಟ್ಟಡ ಎಬ್ಬಿಸಬೇಕು ಎಂದು ಮನಸ್ಸಿಗೆ ಬಂತು. ಅವರ ತಲೆಯಲ್ಲಿದ್ದದ್ದು ಮೂರು ಮಾಳಿಗೆ, ಕೆಳಗೆ ಶಟರಿನ ಅಂಗಡಿಗಳು, ಮೇಲಿಂದ ಕೆಳಗಿನವರೆಗೆ ನೀಲಿ ಗಾಜು. ಹದಿನೆಂಟು ಬಸದಿಗಳ ಊರಿನ ನಡುವೆ ನೀಲಿ ಗಾಜು. ಮಂಗಳೂರಿನಲ್ಲಿ ಆರ್ಕಿಟೆಕ್ಟ್ ಆಗಿದ್ದ ಸೋದರಸೊಸೆ ನವ್ಯಾಳಿಗೆ ಅದನ್ನು ಕೇಳಿ ಸಹಿಸಲಾಗಲಿಲ್ಲ. ಆರು ತಿಂಗಳು ಮಾವನ ಜೊತೆ ಜಗಳಾಡಿದಳು, ಮಾತು ಬಿಟ್ಟಳು, ಪುನಃ ಜಗಳಾಡಿದಳು. ಕೊನೆಗೆ ಅವರೇ ಸೋತರು.

"ಸರಿ, ಅಂಗಡಿ ಬೇಡ, ಗಾಜು ಬೇಡ. ಕಟ್ಟೆಯೇ ಇರಲಿ. ಆದರೆ ಅಮ್ಮನ ಹೆಸರಿಗೆ ಕಟ್ಟುದು, ಬಂದವರು ಕೈಮುಗಿಯುವ ಹಾಗೆ ಇರಬೇಕು" ಅಂದರು ಮಾವ. ಆ ಮಾತನ್ನು ನವ್ಯಾ ಅಕ್ಷರಶಃ ನಡೆಸಿಕೊಟ್ಟಳು ಎನ್ನದೆ ಉಪಾಯವಿಲ್ಲ.

ಅವಳು ಏನು ಕಡಿಮೆ ಮಾಡಿದಳೆಂದು ಹೇಳುವುದು? ಅಳತೆ ಟೇಪು ಹಿಡಿದು ಒಂದು ವಾರ ಹಳೆ ಕಟ್ಟೆಯಲ್ಲೇ ಕೂತಿದ್ದಳು. ಬುಟ್ಟಿಯ ಅಗಲ, ಬುಟ್ಟಿಯ ಹಿಂದೆ ಕೂತವಳಿಗೆ ಬೇಕಾದ ಜಾಗ, ಕೊಳ್ಳಲು ಬಗ್ಗುವವರಿಗೆ ಬೇಕಾದ ಎತ್ತರ, ಎಲ್ಲ ಬರೆದುಕೊಂಡಳು. ಟೇಪಿನ ಆಚೆ ತುದಿ ಹಿಡಿದದ್ದು ರಾಜೀವಕ್ಕ. ಚೈತ್ರದ ಬಿಸಿಲು ಎಲ್ಲಿಯ ತನಕ ಬರುತ್ತದೆ, ಆಷಾಢದ ಇರಚಲು ಯಾವ ಕಡೆಯಿಂದ ಹೊಡೆಯುತ್ತದೆ, ಅದೂ ಲೆಕ್ಕಕ್ಕೆ ಬಂತು. ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದ ಹಾಗೆ ಇನ್ನೊಂದಿಲ್ಲವೆಂದು ಈ ಊರಿನ ಮಕ್ಕಳಿಗೂ ಗೊತ್ತು. ಇಲ್ಲಿಯೂ ಹಾಗೆಯೇ ಇರಲಿ, ಆದರೆ ಇಂದಿನ ಕೈಯಿಂದ, ಇಂದಿನ ಕಣ್ಣಿಗೆ ಎಂದು ಇಪ್ಪತ್ತನಾಲ್ಕು ಕಂಬಗಳನ್ನು ಬರೆದಳು. ಒಂದರ ಹಾಗೆ ಇನ್ನೊಂದಿಲ್ಲ. ಕಾರ್ಕಳದ ಕರಿಕಲ್ಲು. ನೆಲಕ್ಕೂ ಅದೇ ಕಲ್ಲು, ಮುಖ ಕಾಣುವಷ್ಟು ನಯ.

ಇಪ್ಪತ್ತನಾಲ್ಕು ಯಾಕೆಂದರೆ ಮಾಡಿನ ಭಾರಕ್ಕೆ ಅಷ್ಟು ಬೇಕಿತ್ತು, ಅಷ್ಟೆ. ತೀರ್ಥಂಕರರು ಇಪ್ಪತ್ತನಾಲ್ಕು ಮಂದಿ ಎಂಬುದು ಅವಳಿಗೆ ನೆನಪಾದದ್ದು ಊರವರು ಹೇಳಿದ ಮೇಲೆ. ಊರವರಿಗೆ ಮೊದಲೇ ನೆನಪಾಗಿತ್ತು.

ಕೆಲಸ ಶುರುವಾಗುವ ಮೊದಲು ಎಲ್ಲರನ್ನೂ ಕೇಳಬೇಕೆಂದು ಸಭೆಯನ್ನೂ ಕರೆದಿದ್ದಳು. ಮರದಲ್ಲಿ ಮಾಡಿಸಿದ ಪುಟ್ಟ ಮಾದರಿ ಮೇಜಿನ ಮೇಲೆ. ಮುಂದಿನ ಸಾಲಿನಲ್ಲಿ ನಿವೃತ್ತ ಹೆಡ್ಮಾಸ್ಟರು, ಡಾಕ್ಟರು, ಬ್ಯಾಂಕಿನವರು. ಹಿಂದಿನ ಬೆಂಚಿನಲ್ಲಿ ಮಾರುವ ಹೆಂಗಸರು. ಒಂದನೇ ಕ್ಲಾಸಿನ ಲಾಗಾಯ್ತು ರಾಜೀವಕ್ಕನ ಹತ್ತಿರ ತುಳು ಬಿಟ್ಟು ಬೇರೆ ಮಾತಾಡದವಳು ಆ ದಿನ ಮೈಕು ಹಿಡಿದು ಕನ್ನಡದಲ್ಲಿ ಮಾತಾಡಿದಳು. ಸಭೆಯೆಂದರೆ ಕನ್ನಡ; ನಮ್ಮ ಕಡೆ ಅದು ಹಾಗೆಯೇ, ಅದರಲ್ಲಿ ತಪ್ಪೇನೆಂದು ಯಾರೂ ಯೋಚಿಸುವುದಿಲ್ಲ. "ತಮ್ಮ ಅಭಿಪ್ರಾಯವನ್ನು ಮುಕ್ತವಾಗಿ ತಿಳಿಸಬೇಕಾಗಿ ವಿನಂತಿ" ಅಂದಳು. ಹಿಂದಿನ ಬೆಂಚಿನಿಂದ ರಾಜೀವಕ್ಕನನ್ನು ಎಬ್ಬಿಸಿದರು. ಅವಳು ಸೆರಗು ಎಳೆದುಕೊಂಡು, ಶಾಲೆಯ ಪಾಠ ಒಪ್ಪಿಸುವಂತೆ, "ಬಹಳ ಚಂದ ಉಂಟು. ನಮಗೆ ತುಂಬಾ ಸಂತೋಷ" ಅಂದು ಕೂತಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಚಪ್ಪಲಿಯ ವಿಷಯಕ್ಕೆ ಬರುವ. ಆ ಹನ್ನೊಂದು ಜೊತೆ ಕಂಡ ಮರುದಿನವೇ ನವ್ಯಾ ಒಂದು ಬೋರ್ಡು ಬರೆಸಿ ಹಾಕಿಸಿದಳು: 'ಇದು ಸಾರ್ವಜನಿಕ ಕಟ್ಟೆ. ಚಪ್ಪಲಿ ಹಾಕಿಕೊಂಡೇ ಬನ್ನಿ.' ಜನ ಬಂದು ಬೋರ್ಡು ಓದಿದರು, ಒಳ್ಳೆಯ ಮಾತೆಂದು ತಲೆಯಾಡಿಸಿದರು, ಬೋರ್ಡಿಗೆ ಅಡ್ಡವಾಗದ ಹಾಗೆ ಸ್ವಲ್ಪ ಆಚೆ ಚಪ್ಪಲಿ ಬಿಟ್ಟು ಒಳಗೆ ಹೋದರು. ಅವಳು ತಾನೇ ಶೂ ಹಾಕಿಕೊಂಡು ನಾಲ್ಕು ಸಲ ಅತ್ತಿಂದಿತ್ತ ನಡೆದಳು. ಅಲ್ಲಿದ್ದ ಒಬ್ಬರು ಮೆತ್ತಗೆ, "ನೀವು ಕಟ್ಟಿಸಿದವರಲ್ವಾ, ನಿಮಗೆ ನಡೀತದೆ" ಅಂದರು. ವಾರ ಕಳೆದು ಬಂದಾಗ ಯಾರೋ ಪುಣ್ಯಾತ್ಮರು ಬೆಳಗ್ಗೆ ಗುಡಿಸಿ ರಂಗೋಲಿ ಹಾಕಲು ಶುರುಮಾಡಿದ್ದರು. ನಡುವಿನ ಕಂಬದ ಬುಡದಲ್ಲಿ ಒಂದು ಹಣತೆಯೂ ಕಾಣಿಸಿಕೊಂಡಿತ್ತು.

ಹಣತೆ ನೋಡಿದ ಮೇಲೆ ಅವಳು ಸೀದಾ ಹನೀಫಾಕನ ಅಂಗಡಿಗೆ ಹೋಗಿ ಸ್ಟೂಲು ಎಳೆದು ಕೂತಳು. ಈ ಸಲ ಹೇಳಿಸದೆ ಬಿಡುವುದಿಲ್ಲವೆಂದು ನಿಶ್ಚಯಿಸಿದ್ದಳು.

"ರಾಜೀವಕ್ಕ ಯಾಕೆ ಬರುದಿಲ್ಲ? ಯಾರಾದರೂ ಎಂತದಾದರೂ ಹೇಳಿದರಾ?"

"ಇಲ್ಲ. ಒಬ್ಬನೂ ಹೋಗು ಅಂತ ಹೇಳಲಿಲ್ಲ."

"ಮತ್ತೆ?"

ಹನೀಫಾಕ ಚಾ ತರಿಸಿದರು. ಆಮೇಲೆ ಹೇಳಿದರು.

"ಮೊದಲ ದಿನ ಬಂದಳು. ಬುಟ್ಟಿ ಇಟ್ಟಳು. ಬಸಳೆಗೆ ನೀರು ಚಿಮುಕಿಸದೆ ಆಗ್ತದಾ? ಆ ನೀರು ಕರಿಕಲ್ಲಿನ ಮೇಲೆ ಇಳೀತು. ಸೆರಗಿನಲ್ಲಿ ಒರಸಿದಳು. ಪುನಃ ಇಳೀತು, ಪುನಃ ಒರಸಿದಳು. ಆ ದಿನ ಅವಳು ಮಾರಿದ್ದಕ್ಕಿಂತ ಒರಸಿದ್ದೇ ಜಾಸ್ತಿ. ಎರಡನೇ ದಿನ ಮನೆಯಿಂದ ಹಳೆ ಬಟ್ಟೆ ತಂದಳು, ಒರಸ್ಲಿಕ್ಕೆ ಅಂತಲೇ. ಮೂರನೇ ದಿನ ಮಂಗಳೂರಿಂದ ಒಬ್ಬ ಹುಡುಗ ಬಂದ, ದೊಡ್ಡ ಕ್ಯಾಮರಾ. ಒಳ್ಳೆ ಹುಡುಗ. 'ಅಕ್ಕ, ಒಂದು ಚೂರು ಆಚೆ' ಅಂದ. ಇವಳು ಆಚೆ ಹೋದಳು. 'ಇನ್ನೊಂದು ಚೂರು' ಅಂದ. ಮೆಟ್ಟಿಲಿಗೆ ಬಂದಳು. ಮೆಟ್ಟಿಲೂ ಫೋಟೋದಲ್ಲಿ ಬರ್ತದೆ ಅಂದ. ಇವಳು ರಸ್ತೆಗಿಳಿದಳು. ಎರಡು ಗಂಟೆ ಬುಟ್ಟಿ ಸೊಂಟದಲ್ಲಿಟ್ಟುಕೊಂಡು ನನ್ನ ಅಂಗಡಿ ಎದುರು ನಿಂತಳು. ಕೂರು ಅಂದೆ, ಕೂರಲಿಲ್ಲ. ಫೋಟೋ ಮುಗೀತು, ಅವ ಥ್ಯಾಂಕ್ಸ್ ಹೇಳಿ ಹೋದ. ಇವಳು ಆಚೆ ಪುನಃ ಹತ್ತಲಿಲ್ಲ, ಬಸ್ ಸ್ಟ್ಯಾಂಡಿಗೆ ಹೋದಳು. ಮಾರನೇ ದಿನದಿಂದ ಇಲ್ಲ."

ಆ ಹುಡುಗ ಮನೀಷ್. ನವ್ಯಾಳೇ ಕಳಿಸಿದ್ದು. ಒಂದು ಪತ್ರಿಕೆಯವರು ಕಟ್ಟಡದ ಚಿತ್ರಗಳನ್ನು ಕೇಳಿದ್ದರು. ಹೊರಡುವ ಮೊದಲು ಅವನು ಫೋನಿನಲ್ಲಿ ಜನ ಇರಬೇಕಾ ಬೇಡವಾ ಎಂದು ಕೇಳಿದ್ದ. "ಬೇಡ ಮನೀಷ್, ಮೊದಲು ಕಲ್ಲು ಮಾತ್ರ ಬರಲಿ" ಎಂದಿದ್ದಳು. ಚಿತ್ರಗಳು ಬಂದ ದಿನ ಅವಳು ಊಟ ಬಿಟ್ಟು ನೋಡಿದ್ದಳು. ಒಂದನ್ನು ದೊಡ್ಡದು ಮಾಡಿಸಿ ಆಫೀಸಿನ ಗೋಡೆಗೂ ಹಾಕಿದ್ದಳು. ಬೆಳಗಿನ ಬಿಸಿಲು, ಇಪ್ಪತ್ತನಾಲ್ಕು ಕಂಬಗಳು, ಕೆಳಗೆ ನೆಲದಲ್ಲಿ ಇನ್ನೂ ಇಪ್ಪತ್ತನಾಲ್ಕು. ನೋಡಿದವರೆಲ್ಲ ಹೊಗಳಿದ್ದರು. ಅವಳು ಹಿಗ್ಗಿದ್ದಳು.

ಈಗ ಅವಳು ಚಾ ಲೋಟ ಕೆಳಗಿಟ್ಟಳು. ತನ್ನ ಬಾಯಿಂದ ಬಂದ ಒಂದು ಮಾತು ಎರಡು ಗಂಟೆ ಹೊತ್ತು ಒಬ್ಬ ಹೆಂಗಸನ್ನು ಬಿಸಿಲಲ್ಲಿ ನಿಲ್ಲಿಸಿತ್ತು, ಅದೂ ಯಾರನ್ನು. ಹನೀಫಾಕ ಅವಳ ಮುಖ ನೋಡಿ, "ನಿನಗೆ ಗೊತ್ತಿತ್ತಾ ಪಾಪ, ತಲೆ ಕೆಡಿಸ್ಕೋಬೇಡ" ಅಂದರು. ಗೊತ್ತಿಲ್ಲದ್ದೇ ತನ್ನ ತಪ್ಪು ಎಂದು ಅವಳಿಗನಿಸಿತು.

ಮರುದಿನ ವೇಣೂರು ದಾಟಿ ಹೋದಳು. ಡಾಂಬರು ಮುಗಿದ ಮೇಲೆ ಕಾರು ಬಿಟ್ಟು ರಬ್ಬರು ಗಿಡಗಳ ನಡುವೆ ನಡೆದಳು. ಅಂಗಳದ ಬದಿಯಲ್ಲಿ ಬಸಳೆ ಚಪ್ಪರವಿತ್ತು. ಕೊಯ್ಯದೆ ಬಿಟ್ಟ ಬಳ್ಳಿಗಳು ದಪ್ಪಗಾಗಿ, ನೇರಳೆ ಬಣ್ಣದ ಹಣ್ಣು ಬಿಟ್ಟು ಕೆಳಗೆ ಜೋತಾಡುತ್ತಿದ್ದವು. ರಾಜೀವಕ್ಕ ದನಕ್ಕೆ ಅದೇ ಎಲೆಗಳನ್ನು ಹಾಕುತ್ತಿದ್ದಳು.

ಇವಳನ್ನು ಕಂಡದ್ದೇ ತಡ, ಕೈ ತೊಳೆದು, ಒಳಗಿಂದ ಬೆಲ್ಲ ನೀರು ತಂದಿಟ್ಟಳು. ಮಗ ಸೊಸೆ ಕೆಲಸಕ್ಕೆ ಹೋಗುತ್ತಾರೆ, ಊಟಕ್ಕೆ ಏನೂ ಕಡಿಮೆಯಿಲ್ಲ, ಆರಾಮ ಅಂದಳು. ನೆರೆಮನೆಯವರನ್ನು ಕರೆದು, "ಇದೇ ಮಗು, ಆ ಕಟ್ಟಡ ಕಟ್ಟಿದ್ದು" ಎಂದು ತೋರಿಸಿದಳು. ಅವಳ ಮಾತಿನಲ್ಲಿ ಒಂದು ಕೊಂಕಾದರೂ ಇದ್ದಿದ್ದರೆ ನವ್ಯಾಳಿಗೆ ಉಪಕಾರವಾಗುತ್ತಿತ್ತು. ಇರಲಿಲ್ಲ. ಅವಳಿಗೆ ನಿಜವಾಗಿ ಹೆಮ್ಮೆಯಿತ್ತು.

ನೆರೆಯವರು ಹೋದ ಮೇಲೆ ನವ್ಯಾ ತಲೆ ತಗ್ಗಿಸಿ, ತುಳುವಿನಲ್ಲೇ ಹೇಳಿದಳು: "ಆ ಫೋಟೋದ ಹುಡುಗನನ್ನು ಕಳಿಸಿದ್ದು ನಾನು ರಾಜೀವಕ್ಕ. ಜನ ಬೇಡ ಅಂತ ಹೇಳಿದ್ದೂ ನಾನೇ. ತಪ್ಪಾಯ್ತು."

"ಅಯ್ಯೋ, ಅದಕ್ಕೆಂತ? ಅವ ಹೇಳದಿದ್ದರೂ ನಾನು ಏಳುವವಳೇ ಇದ್ದೆ ಮಗಾ."

"ಯಾಕೆ? ನಿಮಗಾಗಿಯೇ ಕಟ್ಟಿದ್ದಲ್ವಾ ಅದು? ಬುಟ್ಟಿಯ ಅಳತೆ ತಕೊಳ್ಳುವಾಗ ಟೇಪು ಹಿಡಿದದ್ದು ನೀವು."

ರಾಜೀವಕ್ಕ ಬೇಸರವಾಗದ ಹಾಗೆ ಹೇಗೆ ಹೇಳುವುದೆಂದು ಹುಡುಕುತ್ತಿದ್ದಳು.

"ಅಳತೆ ಎಲ್ಲ ಸರಿ ಉಂಟು. ಬುಟ್ಟಿಗೂ ಸರಿ, ನನಗೂ ಸರಿ. ಆದರೆ ನನಗೆ ಮಂಡಿ ನೋವು, ಗೊತ್ತುಂಟಲ್ಲ. ಮೊದಲಿನ ಕಟ್ಟೆಯಲ್ಲಿ ಹತ್ತು ಗಂಟೆಯ ಮೇಲೆ ಗಿರಾಕಿ ಕಡಿಮೆ ಆದ ಕೂಡಲೇ ಕಾಲು ನೀಡಿ ಕೂರ್ತಿದ್ದೆ. ಎಲೆ ಅಡಿಕೆ ಹಾಕ್ತಿದ್ದೆ, ಒಂದು ಗಳಿಗೆ ಕಣ್ಣು ಮುಚ್ತಿದ್ದೆ. ಇಲ್ಲಿ ಕಾಲು ನೀಡುದು ಯಾವ ಕಡೆಗೆ? ಈ ಕಡೆ ಕಂಬ, ಆ ಕಡೆ ಕಂಬ. ದೇವರ ಕಡೆಗೆ ಕಾಲು ನೀಡಿದ ಹಾಗೆ ಆಗ್ತದೆ. ಮೂರು ದಿನ ಕಾಲು ಮಡಚಿಯೇ ಕೂತೆ. ರಾತ್ರಿ ನಿದ್ದೆ ಬರಲಿಲ್ಲ."

"ಇದನ್ನು ಮೊದಲೇ, ಆ ಸಭೆಯಲ್ಲಿ ಹೇಳ್ಬಹುದಿತ್ತಲ್ಲ."

"ಆ ಹೆಡ್ಮಾಸ್ಟರ ಎದುರು, ಕನ್ನಡದಲ್ಲಿ, ನನಗೆ ಕಾಲು ನೀಡ್ಲಿಕ್ಕೆ ಜಾಗ ಬೇಕು ಅಂತ ಹೇಳುದಾ?" ರಾಜೀವಕ್ಕ ನಕ್ಕುಬಿಟ್ಟಳು. "ನೀನು ಎಷ್ಟು ಚಂದ ಮಾತಾಡ್ತಿದ್ದಿ ಆ ದಿನ. ನಾನು ಅದನ್ನೇ ಕೇಳ್ತಾ ಕೂತೆ."

ನವ್ಯಾಳ ಕಣ್ಣು ತುಂಬಿತು. ಬರುವ ಶುಕ್ರವಾರ ಒಮ್ಮೆ ಬನ್ನಿ, ಬುಟ್ಟಿ ಹಿಡಿದುಕೊಂಡೇ ಬನ್ನಿ, ಅಷ್ಟರೊಳಗೆ ನಾನು ಎಲ್ಲ ಸರಿ ಮಾಡುತ್ತೇನೆ ಎಂದು ಕೈ ಹಿಡಿದು ಹೇಳಿದಳು. ರಾಜೀವಕ್ಕನಿಗೂ ಪೇಟೆ ಬಿಟ್ಟು ಕೂತು ಸಾಕಾಗಿತ್ತು. ಅವಳ ಮುಖ ಅರಳಿದ್ದು ಕಂಡಿತು. "ಬರ್ತೇನೆ. ಮನೆಯಲ್ಲಿ ಕೂತು ಕೂತು ಮಾತಾಡುದೇ ಮರೆತುಹೋಗಿದೆ ಮಗಾ" ಅಂದಳು.

ಸರಿ ಮಾಡುವುದು ಹೇಗೆಂದು ನವ್ಯಾಳಿಗೆ ದಾರಿಯಲ್ಲೇ ಹೊಳೆದಿತ್ತು. ನೆಲದ ಹೊಳಪು ಹೋಗಬೇಕು. ಅರೆಯುವ ಕಲ್ಲಿಗೆ ಉಳಿಯಿಂದ ಹೊಡೆಸುವ ಹಾಗೆ ಇಡೀ ನೆಲಕ್ಕೆ ಹೊಡೆಸಿದರೆ ಕಲ್ಲಿನ ಮೈ ಒರಟಾಗುತ್ತದೆ, ಬೂದಿ ಬಣ್ಣಕ್ಕೆ ತಿರುಗುತ್ತದೆ, ಅದರಲ್ಲಿ ಮುಖ ಕಾಣುವುದಿಲ್ಲ, ಕಂಬಗಳೂ ಕಾಣುವುದಿಲ್ಲ. ನೀರು ಬಿದ್ದರೆ ಹೀರಿಕೊಂಡ ಹಾಗೆ ಇರುತ್ತದೆ. ಅಂಥ ನೆಲದ ಮೇಲೆ ಯಾರಾದರೂ ಗೋಣಿ ಹಾಸಿಯಾರು, ಕಾಲು ಚಾಚಿಯಾರು. ಕಂಬಗಳ ಬುಡದಲ್ಲಿ ಎರಡು ಮೊಳ ಎತ್ತರಕ್ಕೆ ಹೀಗೇ ಹೊಡೆಸಬೇಕು. ಆಮೇಲೆ ಅದು ಕಟ್ಟೆ, ಬೇರೇನೂ ಅಲ್ಲ.

ಮಾವ ಒಪ್ಪಲಿಕ್ಕಿಲ್ಲ ಎಂದುಕೊಂಡು ಫೋನು ಮಾಡಿದಳು. ನಿಜ ಹೇಳಬೇಕೆಂದರೆ, ಒಪ್ಪದಿದ್ದರೆ ತಾನು ಪಾರಾದೆ ಎಂಬ ಒಂದು ಆಸೆ ಮನಸ್ಸಿನ ಮೂಲೆಯಲ್ಲಿತ್ತು. ಸಂಕಪ್ಪ ಮಾವ ಎಲ್ಲ ಕೇಳಿಸಿಕೊಂಡರು. "ನಮ್ಮ ಅಮ್ಮನೂ ಮದುವೆಗೆ ಮೊದಲು ಸೊಪ್ಪು ಕೊಯ್ದವಳೇ. ನಾಲ್ಕು ಜನ ಕೂರದ ಕಟ್ಟೆಗೆ ಅವಳ ಹೆಸರು ಯಾಕೆ? ನಿನಗೆ ಸರಿ ಕಂಡರೆ ಹೊಡೆಸು, ನನ್ನದೇನೂ ಅಡ್ಡಿ ಇಲ್ಲ" ಅಂದರು. ಗಾಜಿನ ಕಟ್ಟಡ ಬೇಕು ಎಂದಿದ್ದ ಮನುಷ್ಯ. ನವ್ಯಾ ಅದೇ ಫೋನಿನಲ್ಲಿ ಕಲ್ಲುಕೆಲಸದ ಮೇಸ್ತ್ರಿಗೆ ಕರೆ ಮಾಡಿದಳು.

ಬುಧವಾರ ಬರುತ್ತೇನೆ ಎಂದ ಗುರುವಪ್ಪ ಮೇಸ್ತ್ರಿಗೆ ಅವಳು ಗುರುವಾರ ಬನ್ನಿ ಅಂದಳು. ಗುರುವಾರ ಆಫೀಸಿನಲ್ಲಿ ಏನೋ ಕೆಲಸ ಬಂತು. ಬಂತೋ, ಅವಳೇ ತಂದುಕೊಂಡಳೋ. ಅಂತೂ ಶುಕ್ರವಾರ ಬೆಳಗ್ಗೆ ಏಳಕ್ಕೆ ಮೇಸ್ತ್ರಿ ಉಳಿ, ಸುತ್ತಿಗೆ ಹಿಡಿದು ಕಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕೂತರು. ಆ ನೆಲಕ್ಕೆ ಕಲ್ಲು ಹಾಸಿದವರೂ ಅವರೇ.

"ಎಲ್ಲಿಂದ ಶುರು ಮಾಡುವ?"

"ಆ ಮೂಲೆಯಿಂದ" ಅಂದಳು ನವ್ಯಾ. ಮೇಸ್ತ್ರಿ ಆ ಮೂಲೆಗೆ ಸರಿದರು. "ಅಲ್ಲ, ಈಚೆಯಿಂದ." ಅವರು ಈಚೆಗೆ ಸರಿದರು. ಪೂರ್ವದ ಬಿಸಿಲು ಆಗಷ್ಟೇ ಮಾಡಿನ ಅಂಚಿನ ಕೆಳಗಿಂದ ಒಳಗೆ ಇಳಿದಿತ್ತು. ಕರಿನೆಲದಲ್ಲಿ ಒಂದೊಂದಾಗಿ ಕಂಬಗಳು ಮೂಡಿದವು. ಎರಡು ವರ್ಷ ನಿದ್ದೆಗೆಟ್ಟು ಮಾಡಿದ್ದು. ಇಂಥದ್ದೊಂದನ್ನು ಇನ್ನೊಮ್ಮೆ ಮಾಡಲು ತನ್ನಿಂದ ಆಗಲಿಕ್ಕಿಲ್ಲವೆಂದು ಅವಳಿಗೆ ಗೊತ್ತಿತ್ತು. ಒಮ್ಮೆ ಉಳಿ ಬಿದ್ದರೆ ಆ ಹೊಳಪು ಮತ್ತೆ ಬರುವುದಿಲ್ಲ. "ಒಂದು ನಿಮಿಷ ಇರಿ" ಅಂದಳು. ಒಂದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಮೇಸ್ತ್ರಿ ಬೀಡಿ ಸೇದಲು ಕೆಳಗಿಳಿದರು.

ಅಷ್ಟರಲ್ಲಿ ವೇಣೂರು ಕಡೆಯ ಬಸ್ಸು ಬಂತು. ರಾಜೀವಕ್ಕ ಇಳಿದಳು. ಬುಟ್ಟಿ ತಂದಿದ್ದಳು. ಬುಟ್ಟಿಯ ಅಡಿಗೆ ಹೊಸ ಪ್ಲಾಸ್ಟಿಕ್ ಹೊಲಿದಿದ್ದಳು, ಮೇಲೆ ಒಗೆದ ಬಿಳಿ ಬಟ್ಟೆ ಮುಚ್ಚಿದ್ದಳು. ಬಟ್ಟೆ ಸರಿಸಿ ತೋರಿಸಿದಳು: ಬಸಳೆಯ ಒಂದೊಂದು ಕಟ್ಟನ್ನೂ ಒರೆಸಿ ಒಣಗಿಸಿ ಕಾಗದದಲ್ಲಿ ಸುತ್ತಿದ್ದಳು. ನೀರಿಲ್ಲದೆ ಎಲೆಗಳು ಆಗಲೇ ಬಾಡಿದ್ದವು.

"ಒಂದು ಹನಿ ನೀರು ಹಾಕಲಿಲ್ಲ ಮಗಾ. ನೆಲಕ್ಕೆ ಎಂತದೂ ಆಗ್ಲಿಕ್ಕಿಲ್ಲ" ಅಂದಳು. ಆಮೇಲೆ ನೆಲದ ಮೇಲಿದ್ದ ಉಳಿ, ಸುತ್ತಿಗೆ ಅವಳ ಕಣ್ಣಿಗೆ ಬಿದ್ದವು. "ಇದೆಂತ?"

"ಹೊಳಪು ತೆಗೆಸ್ತೇನೆ ರಾಜೀವಕ್ಕ. ಮೊದಲಿನ ಹಾಗೆ ಒರಟು ಮಾಡಿಸ್ತೇನೆ. ನಿಮಗೆ ಕೂರ್ಲಿಕ್ಕೆ."

ರಾಜೀವಕ್ಕ ನೆಲ ನೋಡಿದಳು. ಕಂಬಗಳನ್ನು ನೋಡಿದಳು. ಕೊನೆಗೆ ನವ್ಯಾಳ ಮುಖ ನೋಡಿದಳು, ಮುಖವನ್ನೇ ಹೆಚ್ಚು ಹೊತ್ತು ನೋಡಿದಳು. ಬಸ್ಸಿಗೆ ಕಾಯುವ ಮಗುವಿಗೆ ಹಸಿವೋ ನಿದ್ದೆಯೋ ಎಂದು ನೋಡಿಯೇ ತಿಳಿಯುತ್ತಿದ್ದವಳು.

"ಬೇಡ ಮಗಾ" ಅಂದಳು. "ಇಷ್ಟು ಚಂದದ್ದನ್ನು ನನ್ನ ಬಸಳೆಗೋಸ್ಕರ ಹಾಳು ಮಾಡುದು ಬೇಡ. ಆ ಪಾಪ ನನಗೆ ಯಾಕೆ?"

ಆ ಮಾತು ಕೇಳಿದ್ದೇ ನವ್ಯಾಳ ಎದೆ ಹಗುರವಾಯಿತು. ತಡೆಯುವ ಮೊದಲೇ ಉಸಿರು ಹೊರಗೆ ಬಿತ್ತು, ದೊಡ್ಡದಾಗಿ, ಎದುರಿದ್ದವರಿಗೆ ಕೇಳುವ ಹಾಗೆ. ಅವಳೇ ಬೆಚ್ಚಿದಳು. ಕೆಳಗೆ ಬೀಡಿ ಎಸೆದು ಮೇಸ್ತ್ರಿ, "ಹೊಡೆಯುದಾ ಬೇಡವಾ?" ಎಂದು ಕೇಳಿದರು. ಹೊಡೆಯಿರಿ ಅನ್ನಬೇಕು, ಈಗಲೇ ಅನ್ನಬೇಕು ಎಂದು ಅವಳಿಗೆ ಗೊತ್ತಿತ್ತು. ರಾಜೀವಕ್ಕ ಎರಡು ಮಾತು ಬೇಡ ಅಂದಾಳು, ಮೂರನೆಯದಕ್ಕೆ ಸುಮ್ಮನಾದಾಳು, ವಾರ ಕಳೆದರೆ ಗೋಣಿ ಹಾಸಿ ಕೂತಾಳು, ಅದೂ ಗೊತ್ತಿತ್ತು.

"ಇವತ್ತು ಬೇಡ ಗುರುವಪ್ಪಣ್ಣ" ಅಂದಳು.

ರಾಜೀವಕ್ಕ ಏನೂ ಆಗದವಳ ಹಾಗೆ ಬುಟ್ಟಿಗೆ ಕೈ ಹಾಕಿದಳು. ಒಂದು ಕಟ್ಟು ಮೇಸ್ತ್ರಿಗೆ ಕೊಟ್ಟಳು, ಎರಡು ಕಟ್ಟು ಹನೀಫಾಕನಿಗೆ, ಉಳಿದದ್ದನ್ನು ಟರ್ಪಾಲಿನ ಕೆಳಗೆ ಕೂತವರಿಗೆ ಮಾರಲು ಬಿಟ್ಟಳು. ಒಳ್ಳೆಯ ಕಟ್ಟೊಂದನ್ನು ಆರಿಸಿ ನವ್ಯಾಳ ಕೈಗಿಟ್ಟು, ಮನೆಗೆ ಹೋದ ಕೂಡಲೇ ನೀರಲ್ಲಿಡು, ಚೇತರಿಸಿಕೊಳ್ಳುತ್ತದೆ ಅಂದಳು. ಬಂದ ಬಸ್ಸೇ ತಿರುಗಿ ಹೊರಡುವ ಹೊತ್ತಾಗಿತ್ತು. ಕಿಟಕಿಯ ಬದಿಯಲ್ಲಿ ಕೂತು, ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ನಕ್ಕು ಕೈ ಬೀಸಿದಳು.

ಇದಾಗಿ ಏಳು ತಿಂಗಳಾಯಿತು. ಮೇಸ್ತ್ರಿಗೆ ಪುನಃ ಫೋನು ಹೋಗಲಿಲ್ಲ. ರಾಜೀವಕ್ಕ ಪೇಟೆಗೆ ಬರುವುದು ಮಂಡಿಗೆ ಔಷಧ ತರಲು ಮಾತ್ರ, ಅದೂ ತಿಂಗಳಿಗೊಮ್ಮೆ, ಸೊಸೆಯ ಜೊತೆ. ಕಟ್ಟೆಯನ್ನು ನೋಡಲು ದೂರದೂರಿಂದ ಜನ ಬರುತ್ತಾರೆ, ವಿದ್ಯಾರ್ಥಿಗಳು ಬರುತ್ತಾರೆ. ಮಾರುವವರಿಗಾಗಿ ನೆಲ ಒರಟು ಮಾಡಿಸಲು ಹೊರಟಿದ್ದಿರಂತೆ, ಯಾಕೆ ಬಿಟ್ಟಿರಿ ಎಂದು ಒಬ್ಬ ಹುಡುಗಿ ಮೊನ್ನೆ ಕೇಳಿದಳು. ಅವರೇ ಬೇಡವೆಂದರು ಎಂದು ಹೇಳಲು ನವ್ಯಾ ಬಾಯಿ ತೆರೆದಳು. ರಾಜೀವಕ್ಕ ಬೇಡ ಅಂದದ್ದು ನಿಜ. ಆದರೆ ಆ ದಿನ ಬೆಳಗ್ಗೆ ಏಳು ಗಂಟೆಯಿಂದ, ಉಳಿಯನ್ನು ನಿಲ್ಲಿಸಿ, ಅವಳ ಬಾಯಿಂದ ಆ ಮಾತು ಬರಲಿ ಎಂದು ಕಾದು ನಿಂತದ್ದು ತಾನು.